ಗೋಲ್ಡ್‌ಫಿಶ್ ಉಳಿಯಲ್ಲ ಅನ್ಸಿದ್ರೆ ಫ್ರೀಜರ್‌ಗೆ ಇಡಬೋದಾ?

ಮಂಡ್ಯದಿಂದ ಒಬ್ರು ಮೇಡಂ ಬರೆದಿರೋ ಪ್ರಶ್ನೆ ಇದು, ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದೀನಿ:

"ಸಾರ್, ನಮ್ಮನೇಲಿ ಆರು ವರ್ಷದಿಂದ ಒಂದು ಒರಾಂಡಾ ಗೋಲ್ಡ್‌ಫಿಶ್ ಇದೆ. ಮಗ ಎಸ್ಸೆಸ್ಸೆಲ್ಸಿಲಿದ್ದಾಗ ಹಠ ಮಾಡಿ ತಂದಿದ್ದು, ಅವ್ನೀಗ ಬೆಂಗ್ಳೂರಲ್ಲಿ ಕೆಲಸದಲ್ಲಿದಾನೆ, ನೋಡ್ಕೊಳ್ಳೋಳು ನಾನು. ಎರಡು ವಾರದಿಂದ ಹೊಟ್ಟೆ ಊದ್ಕೊಂಡಿದೆ, ಮೈ ಮೇಲಿನ ಹುರುಪೆ ಎಲ್ಲಾ ಎದ್ದು ನಿಂತು ಸೀತಾಫಲದ ಥರ ಕಾಣುತ್ತೆ, ಕಣ್ಣೂ ಉಬ್ಬಿದೆ. ಒಂದು ವಾರದ ಮೇಲಾಯ್ತು ಏನೂ ತಿಂದಿಲ್ಲ, ಮೂಲೇಲಿ ವಾಲ್ಕೊಂಡು ಬಿದ್ದಿರುತ್ತೆ. ಅಂಗಡಿಯವ್ರು ನೀಲಿ ಔಷಧಿ ಕೊಟ್ರು, ಹಾಕ್ದೆ, ಉಪ್ಪೂ ಹಾಕ್ದೆ. ಈಗ ಅವ್ರೇ ಫ್ರೀಜರ್‌ನಲ್ಲಿಡಿ ನಿದ್ದೆ ಮಾಡ್ತಾನೇ ಹೋಗುತ್ತೆ ಅಂತಾರೆ, ಪಕ್ಕದ ಮನೆಯವ್ರು ಕಾವೇರಿಗೆ ಬಿಟ್ಬನ್ನಿ ಅಂತಾರೆ, ನಮ್ಮತ್ತೆ ಮಾತ್ರ ಅದು ಮನೆ ದೃಷ್ಟಿ ತಗೊಂಡಿದೆ, ಕೊಂದ್ರೆ ಪಾಪ, ತಾನಾಗೇ ಹೋಗ್ಲಿ ಅಂತಾರೆ. ನಂಗೆ ನೋಡಕ್ಕಾಗ್ತಿಲ್ಲ ಸಾರ್. ನೋವಿಲ್ದಂಗೆ ಕಳ್ಸೋ ದಾರಿ ಇದ್ಯಾ? ಅದೇ ಟ್ಯಾಂಕಲ್ಲಿ ಇನ್ನೊಂದು ಇದೆ, ಅದಕ್ಕೂ ಬರುತ್ತಾ?"

ದಾರಿ ಇದೆ ಮೇಡಂ, ಮನೇಲೇ ಮಾಡಬೋದು, ಖರ್ಚೂ ಹೆಚ್ಚಿಲ್ಲ. ಆದ್ರೆ ಅದನ್ನ ಹೇಳೋಕ್ಕಿಂತ ಮುಂಚೆ ಮೀನು ನಿಜವಾಗ್ಲೂ ಸಾಯ್ತಿದ್ಯಾ ಅನ್ನೋದನ್ನ ನೋಡ್ಬೇಕು, ಯಾಕಂದ್ರೆ ಹೆಂಗೆ ಸಾಯಿಸೋದು ಅಂತ ಕೇಳ್ಕೊಂಡು ಬರೋ ಎಷ್ಟೋ ಜನರ ಮೀನು ಸಾಯೋ ಸ್ಥಿತೀಲೇ ಇರಲ್ಲ. ಗೋಲ್ಡ್‌ಫಿಶ್ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದೆ ಅಂದ ತಕ್ಷಣ ಮುಗೀತು ಅನ್ಕೋತಾರೆ. ಒರಾಂಡಾ, ರ‍್ಯಾಂಚು ಥರದ ಗುಂಡು ಮೈಯಿನ ಜಾತಿಗಳಿಗೆ ಹೊಟ್ಟೆ ಒಳಗೆ ಜಾಗಾನೇ ಕಮ್ಮಿ, ಒಣ ಪೆಲೆಟ್ಟು ತಿಂದು ಮಲ ಕಟ್ಕೊಂಡ್ರೂ ಗಾಳಿಚೀಲ ಒತ್ತಿ ಬ್ಯಾಲೆನ್ಸ್ ತಪ್ಪುತ್ತೆ. ಎರಡು ಮೂರು ದಿನ ಊಟ ನಿಲ್ಸಿ, ಆಮೇಲೆ ಬೇಯ್ಸಿ ಸಿಪ್ಪೆ ತೆಗೆದ ಬಟಾಣಿ ಕೊಟ್ರೆ ಎದ್ದು ಓಡಾಡಿರೋದು ಬೇಕಾದಷ್ಟಿದೆ. ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಮೊದಲ ಅನುಮಾನ ನೀರಿನ ಮೇಲೆ, ಅಮೋನಿಯ ಏರಿರುತ್ತೆ ಇಲ್ಲಾ ಆಕ್ಸಿಜನ್ ಸಾಲ್ತಿರಲ್ಲ, ಅರ್ಧ ನೀರು ಬದಲಾಯ್ಸಿದ್ರೆ ಅವತ್ತೇ ವ್ಯತ್ಯಾಸ ಕಾಣುತ್ತೆ. ಫ್ಲವರ್‌ಹಾರ್ನ್ ಅನ್ನೋ ಮೀನಂತೂ ಟ್ಯಾಂಕ್ ಜಾಗ ಬದಲಾಯ್ಸಿದ್ರೂ ಸಾಕು, ಒಂದು ಪಕ್ಕಕ್ಕೆ ಮಲಗಿ ಮುನಿಸ್ಕೊಂಡು ಮನೆಯವ್ರನ್ನೆಲ್ಲ ಹೆದರ್ಸುತ್ತೆ.

ನಿಮ್ಮ ಮೀನಿನ ಕತೆ ಬೇರೆ. ನೀವು ಹೇಳಿರೋದನ್ನ ನಾವು ಡ್ರಾಪ್ಸಿ ಅಂತೀವಿ. ಡ್ರಾಪ್ಸಿ ಅನ್ನೋದೇ ಒಂದು ರೋಗ ಅಲ್ಲ, ಒಳಗೆ ಇನ್ನೇನೋ ಕೆಟ್ಟಿದೆ ಅನ್ನೋ ಲಕ್ಷಣ ಅಷ್ಟೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಉಪ್ಪಿನಂಶ ಜಾಸ್ತಿ, ಹಂಗಾಗಿ ಕಿವಿರಿನಿಂದ ಚರ್ಮದಿಂದ ನೀರು ಇಪ್ಪತ್ನಾಲ್ಕು ಗಂಟೆನೂ ಒಳಗೆ ನುಗ್ತಾನೇ ಇರುತ್ತೆ, ಅದನ್ನ ಕಿಡ್ನಿ ಉಚ್ಚೆ ಮಾಡಿ ಹೊರಗೆ ಹಾಕ್ತಾನೇ ಇರ್ಬೇಕು. ಕಿಡ್ನಿ ಕೈಕೊಟ್ರೆ ಆ ನೀರು ಹೊಟ್ಟೇಲಿ, ಕಣ್ಣಿನ ಹಿಂದೆ, ಪ್ರತಿ ಹುರುಪೆಯ ಕೆಳಗೆ ನಿಲ್ಲುತ್ತೆ, ಅದಕ್ಕೇ ಹುರುಪೆ ಎದ್ದು ನಿಲ್ಲೋದು. ಕಿಡ್ನಿ ಕೆಡೋದಕ್ಕೆ ಬಹಳ ಸಲ ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಕಾರಣ, ಅದು ಯಾವ ಟ್ಯಾಂಕಲ್ಲಾದ್ರೂ ಇದ್ದೇ ಇರುತ್ತೆ, ನೀರು ಕೆಟ್ಟು ಮೀನು ಸೊರಗಿದಾಗ ಒಳಗೆ ಹೊಕ್ಕೊಳ್ಳುತ್ತೆ. ವಯಸ್ಸಾದ ಮೀನಲ್ಲಿ ಗಡ್ಡೆ ಬೆಳೆದೂ ಹಿಂಗಾಗಬೋದು.

ಅಂಗಡಿಯವ್ರು ಕೊಟ್ಟ ನೀಲಿ ಔಷಧಿ ಬಹುಶಃ ಮೆಥಿಲೀನ್ ಬ್ಲೂ ಇರ್ಬೇಕು. ಅದು ಮೈಮೇಲಿನ ಫಂಗಸ್‌ಗೆ, ಮೊಟ್ಟೆ ಕೆಡದಂಗೆ ಇಡೋದಕ್ಕೆ ಒಳ್ಳೇದು, ಕಿಡ್ನಿಗೆ ಅದ್ರಿಂದ ಏನೂ ಆಗಲ್ಲ. ಮೇನ್ ಟ್ಯಾಂಕಿಗೇ ಸುರಿದಿದ್ರೆ ಫಿಲ್ಟರಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗೂ ಪೆಟ್ಟು ಬಿದ್ದಿರುತ್ತೆ. ನಮ್ಮ ಕಡೆ ಏನೇ ಆದ್ರೂ ನೀಲಿ ಬಾಟ್ಲು ಕೈಗೆ ಕೊಡೋದು ಒಂದು ಅಭ್ಯಾಸ ಆಗೋಗಿದೆ, ನಂಗೆ ಅದ್ರ ಮೇಲೆ ಸಿಟ್ಟಿದೆ, ಇರ್ಲಿ.

ಚಿಕಿತ್ಸೆ ಇಲ್ವೇ ಇಲ್ವಾ ಅಂದ್ರೆ, ಶುರುವಲ್ಲಿ ಸಿಕ್ರೆ ಇದೆ. ಹೊಟ್ಟೆ ಮಾತ್ರ ಊದಿ, ಹುರುಪೆ ಅಲ್ಲಲ್ಲಿ ಎದ್ದು, ಮೀನು ಇನ್ನೂ ತಿಂತಿದ್ರೆ ಬೇರೆ ಟಬ್ಬಲ್ಲಿಟ್ಟು 10 ಲೀಟರ್ ನೀರಿಗೆ ಅರ್ಧದಿಂದ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ ಹಾಕಿ (ಅಡುಗೆ ಉಪ್ಪಲ್ಲ, ಮೆಗ್ನೀಷಿಯಂ ಸಲ್ಫೇಟ್, ಮೆಡಿಕಲ್ ಶಾಪಲ್ಲಿ ಸಿಗುತ್ತೆ), ಡಾಕ್ಟ್ರು ಹೇಳಿದ ಆಂಟಿಬಯೋಟಿಕ್ಕನ್ನ ಊಟದ ಜೊತೆ ಕೊಟ್ರೆ ಕೆಲವು ಉಳ್ಕೊಳ್ಳುತ್ವೆ. ಊಟಾನೇ ಮುಟ್ಟದಿರೋ ಮೀನಿಗೆ ಆ ಔಷಧಿ ಒಳಗೆ ಹೋಗೋದು ಹೆಂಗೆ. ಮೈಯೆಲ್ಲ ಹುರುಪೆ ಎದ್ದಿದೆ, ಕಣ್ಣುಬ್ಬಿದೆ, ವಾರದ ಮೇಲಾಯ್ತು ತಿಂದಿಲ್ಲ, ನೆಟ್ಟಗೆ ನಿಲ್ಲಕ್ಕಾಗಲ್ಲ, ಈ ನಾಲ್ಕೂ ಒಟ್ಟಿಗೆ ಇರೋ ಮೀನು ವಾಪಸ್ ಬಂದಿದ್ದನ್ನ ನಾನು ಕಂಡಿಲ್ಲ. ಒಂದು ಫೋಟೋ, ಮೇಲಿಂದ ತೆಗೆದಿರೋ ವಿಡಿಯೋ ಒಂದು ಕಳ್ಸಿ, ನೋಡಿ ಖಾತ್ರಿ ಮಾಡ್ತೀನಿ, ಆದ್ರೆ ನೀವು ಬರೆದಿರೋ ಪ್ರಕಾರ ನನ್ನ ಅಭಿಪ್ರಾಯ ಕಳಿಸಿಕೊಡೋದೇ ಸರಿ ಅಂತ.

ಮೀನಿಗೆ ನೋವೆಲ್ಲಿ ಗೊತ್ತಾಗುತ್ತೆ ಬಿಡಿ ಅನ್ನೋರೂ ಇದಾರೆ. 2003ರಲ್ಲಿ ಲಿನ್ ಸ್ನೆಡ್ಡನ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯವ್ರು ರೈನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ನೋವು ಹಿಡಿಯೋ ನರತುದಿಗಳಿವೆ ಅಂತ ತೋರ್ಸಿದ್ರು, ತುಟಿಗೆ ಉರಿ ಬರೋ ದ್ರವ ಚುಚ್ಚಿದಾಗ ಆ ಮೀನುಗಳು ಊಟ ಬಿಟ್ಟು ತುಟೀನ ಕಲ್ಲಿಗೆ ಉಜ್ಕೊಂಡ್ವು. ನಮಗೆ ಆಗೋ ಥರಾನೇ ಆಗುತ್ತಾ ಅನ್ನೋ ವಾದ ಇನ್ನೂ ನಡೀತಾನೇ ಇದೆ, ಆದ್ರೆ ಮೀನಿನ ಜೊತೆ ಕೆಲಸ ಮಾಡೋರು ಈಗ ನೋವಾಗುತ್ತೆ ಅನ್ಕೊಂಡೇ ನಡ್ಕೊಳ್ಳೋದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲೂ ಪ್ರಾಣಿ ಅಂದ್ರೆ ಮನುಷ್ಯನನ್ನ ಬಿಟ್ಟು ಯಾವುದೇ ಜೀವಿ ಅಂತಿದೆ, ಮೀನೂ ಅದ್ರಲ್ಲಿ ಬಂತು.

ಇನ್ನು ನಿಮ್ಮತ್ತೆಯವ್ರ ಮಾತು. ಅವ್ರ ಜೊತೆ ವಾದ ಮಾಡೋಕೆ ಹೋಗ್ಬೇಡಿ. ಮನೇಲಿ ಮೀನು ಸತ್ರೆ ಬರೋ ಕಂಟಕ ಅದ್ರ ಮೇಲೆ ಹೋಯ್ತು ಅನ್ನೋ ನಂಬಿಕೆ ಮೈಸೂರಲ್ಲೂ ಇದೆ, ವಾಸ್ತು ಮೀನು ಅಂತ ಫ್ಲವರ್‌ಹಾರ್ನ್, ಅರೊವಾನಾ ತಗೊಳ್ಳೋ ಅರ್ಧ ಜನ ಅದಕ್ಕೇ ತಗೊಳ್ಳೋದು. ನಾನು ಹೇಳೋದಿಷ್ಟೆ, ದೃಷ್ಟಿ ತಗೊಂಡಿದ್ರೂ ಆಗ್ಲೇ ತಗೊಂಡಾಯ್ತಲ್ಲ, ಇನ್ನೂ ಹತ್ತು ದಿನ ಒದ್ದಾಡ್ಸಿದ್ರೆ ಹೆಚ್ಚಿಗೆ ಏನೂ ಹೋಗಲ್ಲ. ಡ್ರಾಪ್ಸಿ ಮೀನು ತಾನಾಗೇ ಹೋಗೋದು ನಿದ್ದೇಲಲ್ಲ, ಉಪ್ಪಿನಂಶ ಏರುಪೇರಾಗಿ, ಒಳಗಿನ ಅಂಗಗಳು ಒತ್ತಿ, ಚರ್ಮ ಬಿರಿದು ಹುಣ್ಣಾಗಿ, ಕೆಲವು ಸಲ ಜೊತೆ ಮೀನು ಅದ್ರ ರೆಕ್ಕೆ ಕಣ್ಣು ಕಚ್ತಾ ಇದ್ರೂ ತಪ್ಪಿಸ್ಕೊಳ್ಳಕ್ಕಾಗ್ದೆ ಹೋಗೋದು. ಪಾಪ ಪುಣ್ಯದ ಲೆಕ್ಕ ನಂಗೆ ಬರಲ್ಲ, ಭಾನುವಾರ ಮೀನ್ ಸಾರು ಊಟ ಮಾಡೋನೇ ನಾನು. ಆದ್ರೂ ಸಾಕಿದ್ದು ಅನ್ನೋದು ಬೇರೆ, ನೀವು ಕೇಳ್ತಿರೋದೂ ಅದಕ್ಕೇ ತಾನೆ.

ಈಗ ಫ್ರೀಜರ್ ವಿಷ್ಯ, ಇದನ್ನ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರೆ ಎಲ್ಲರೂ ನಂಬಿರೋದು ಇದನ್ನೇ, ಓದಿರೋರೂ ಕೂಡ. ಗೋಲ್ಡ್‌ಫಿಶ್ ಚಳಿ ದೇಶದ ಮೀನು, ಚೀನಾದಲ್ಲಿ ಕೆರೆ ಮೀನಿನಿಂದ ಬೆಳೆಸಿದ ತಳಿ. ಮೇಲೆ ಹಿಮ ಕಟ್ಟಿರೋ ಕೊಳದ ತಳದಲ್ಲಿ ಚಳಿಗಾಲ ಪೂರ್ತಿ ಬದುಕಿರೋ ಸಂತಾನ ಅದು. ಆಕ್ಸಿಜನ್ನೇ ಇಲ್ದಿದ್ರೂ ಮೈಯಲ್ಲಿ ಸೇರ್ಕೊಳ್ಳೋ ಲ್ಯಾಕ್ಟಿಕ್ ಆಸಿಡ್ಡನ್ನ ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಹಾಕೋ ಶಕ್ತಿ ಇದೆ ಅದಕ್ಕೆ, ಬೆನ್ನೆಲುಬಿರೋ ಪ್ರಾಣಿಗಳಲ್ಲಿ ಇದು ತುಂಬಾ ಅಪರೂಪ. ಅಂಥಾದ್ದನ್ನ ಒಂದು ಡಬ್ಬಿ ನೀರಲ್ಲಿ ಹಾಕಿ ಫ್ರೀಜರಲ್ಲಿಟ್ರೆ ನೀರು ನಿಧಾನಕ್ಕೆ ತಣ್ಣಗಾಗ್ತಾ ಹೋಗುತ್ತೆ, ಮೀನು ಅಲ್ಲಾಡೋದು ನಿಲ್ಸುತ್ತೆ, ನಾವು ನಿದ್ದೆ ಹೋಯ್ತು ಅನ್ಕೋತೀವಿ. ಅಲ್ಲಾಡದೆ ಇರೋದಕ್ಕೂ ಪ್ರಜ್ಞೆ ಹೋಗೋದಕ್ಕೂ ಸಂಬಂಧ ಇಲ್ಲ, ಗಂಟೆಗಟ್ಟಲೆ ಹಂಗೇ ಇದ್ದು ಆಮೇಲೆ ಮೈಯಲ್ಲಿ ಐಸ್ ಹರಳು ಕಟ್ಟೋಕೆ ಶುರುವಾಗುತ್ತೆ. ಐಸ್ ನೀರಿನ ಪದ್ಧತಿ ಅಂತ ಒಂದಿದೆ ನಿಜ, ಅದು ಲ್ಯಾಬಲ್ಲಿ ಜೀಬ್ರಾ ಮೀನಿನಂಥ ಒಂದೂವರೆ ಇಂಚಿನೊಳಗಿನ ಬಿಸಿ ದೇಶದ ಸಣ್ಣ ಮೀನಿಗೆ ಮಾತ್ರ, ಅಂಥವಕ್ಕೆ ಮೈ ತಕ್ಷಣ ತಣ್ಣಗಾಗುತ್ತೆ. ಅದನ್ನ ಕೇಳಿ ಯಾರೋ ಗೋಲ್ಡ್‌ಫಿಶ್ಶಿಗೂ ಹೇಳಿ ಅದೇ ಊರೆಲ್ಲ ಹರಡಿದೆ ಅನ್ಸುತ್ತೆ.

ಕಾವೇರಿಗೆ ಬಿಡೋದು ಕೇಳೋಕೆ ಪುಣ್ಯದ ಕೆಲಸ ಅನ್ಸುತ್ತೆ. ಈಜಕ್ಕಾಗದ ಕೇಸರಿ ಬಣ್ಣದ ಮೀನನ್ನ ಶ್ರೀರಂಗಪಟ್ಟಣದ ಹತ್ರ ಬಿಟ್ರೆ ರಂಗನತಿಟ್ಟಿನ ಹೆಜ್ಜಾರ್ಲೆಗೆ ತಿಂಡಿ, ಇಲ್ಲಾ ಎಲ್ಲೋ ಕೆಸರಲ್ಲಿ ಸಿಕ್ಕಿ ಅದೇ ಸಾವು. ಅದಕ್ಕಿಂತ ದೊಡ್ಡ ವಿಷ್ಯ ಅದ್ರ ಜೊತೆ ಹೋಗೋ ರೋಗಾಣು. ಗೋಲ್ಡ್‌ಫಿಶ್ಶು, ಕಾಟ್ಲಾ, ರೋಹು, ಕಾವೇರಿಯ ಮಹಶೀರ್ ಎಲ್ಲಾ ಒಂದೇ ಬಳಗ. ಕಾವೇರಿಯ ಡುಬ್ಬದ ಮಹಶೀರ್ ಆಗ್ಲೇ ಅಳಿವಿನ ಅಂಚಿಗೆ ಬಂದು ನಿಂತಿದೆ, ಅದ್ರ ನೀರಿಗೆ ನಮ್ಮ ಟ್ಯಾಂಕಿನ ಕಾಯ್ಲೆ ಯಾಕೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೂ ಅಷ್ಟೆ, ಲಿಂಗಾಂಬುಧಿ ಕೆರೆಗೂ ಅಷ್ಟೆ, ಆರೋಗ್ಯವಾಗಿರೋ ಅಕ್ವೇರಿಯಂ ಮೀನನ್ನೂ ಬಿಡಬಾರ್ದು.

ಉಳಿದಿದ್ದನ್ನ ಬೇಗ ಹೇಳ್ಬಿಡ್ತೀನಿ. ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿದ್ರೆ ಫಿನಾಯಿಲ್, ಸೋಪು, ಪಿಟ್ಟಿನ ಗಲೀಜಲ್ಲಿ ಎಷ್ಟೋ ಹೊತ್ತು ಜೀವ ಇರುತ್ತೆ. ನೀರಿಂದ ಹೊರಗೆ ಹಾಕಿ ಬಿಡೋದು ಮೇಲೆ ಹೇಳಿದ ಕಾರಣಕ್ಕೇ ಗೋಲ್ಡ್‌ಫಿಶ್ಶಿಗೆ ತುಂಬಾ ಕ್ರೂರ, ಬೇಗ ಸಾಯಲ್ಲ ಅದು. ಬಿಸಿನೀರು ಬೇಡ್ವೇ ಬೇಡ. ಈನೋ ಹಾಕಿದ್ರೆ ಕಾರ್ಬನ್ ಡೈ ಆಕ್ಸೈಡ್ ಬಂದು ಮತ್ತು ಬರುತ್ತೆ ಅಂತ ಒಬ್ರು ಕೇಳಿದ್ರು, ಬರುತ್ತೆ, ಅದಕ್ಕೆ ಮುಂಚೆ ನೀರು ಹುಳಿಯಾಗಿ ಕಿವಿರು ಉರಿದು ಹುಚ್ಚುಚ್ಚಾಗಿ ಎಗರಾಡುತ್ತೆ. ಬ್ರಾಂದಿ ಸುರಿಯೋದೂ ಅಷ್ಟೆ. ತಲೆಗೆ ಒಂದೇ ಪೆಟ್ಟು ಹಾಕೋದು, ಮೀನು ಕೊಯ್ದು ಅಭ್ಯಾಸ ಇರೋ ಕೈಯಾದ್ರೆ ನಿಜಕ್ಕೂ ಅತಿ ಬೇಗದ ದಾರಿ, ಪೆಟ್ಟಾದ ಮೇಲೆ ತಲೆ ಬುರುಡೆ ಹಿಂದಿಂದ ಚೂಪಾದ್ದೊಂದನ್ನ ಮಿದುಳಿಗೇ ತೂರ್ಸಿ ಅದನ್ನ ನಾಶ ಮಾಡ್ಬೇಕು. ತಲೆ ಕತ್ತರಿಸಿ ಬಿಟ್ರೆ ಮಾತ್ರ ಸಾಲ್ದು, ಆಕ್ಸಿಜನ್ ಇಲ್ದೆ ತಡ್ಕೊಳ್ಳೋ ಮೀನಿನ ಮಿದುಳು ಕತ್ತರಿಸಿದ ಮೇಲೂ ಕೊಂಚ ಹೊತ್ತು ಕೆಲಸ ಮಾಡುತ್ತೆ. ಆರು ವರ್ಷ ಸಾಕಿರೋರ ಕೈ ನಡುಗುತ್ತೆ, ಪೆಟ್ಟು ಜಾರುತ್ತೆ, ಹಂಗಾಗಿ ನಿಮಗೆ ಇದನ್ನ ನಾನು ಹೇಳಲ್ಲ.

ನಾನು ಹೇಳೋದು ಲವಂಗದ ಎಣ್ಣೆ. ನಾನು ಓದಿದ ಮಂಗಳೂರಿನ ಫಿಶರೀಸ್ ಕಾಲೇಜಲ್ಲೂ, ಮೀನುಮರಿ ಕೇಂದ್ರಗಳಲ್ಲೂ ಮೀನಿಗೆ ಮತ್ತು ಬರ್ಸೋಕೆ ಬಳಸೋ ಸಾಮಾನು ಅದು. ಅದ್ರಲ್ಲಿರೋ ಯುಜಿನಾಲ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಕಮ್ಮಿ ಪ್ರಮಾಣದಲ್ಲಿ ಪ್ರಜ್ಞೆ ತಪ್ಪಿಸುತ್ತೆ, ಹೆಚ್ಚಾದ್ರೆ ಉಸಿರಾಟದ ಕೇಂದ್ರವನ್ನೇ ನಿಲ್ಲಿಸುತ್ತೆ. ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ 2020ರಲ್ಲಿ ತಂದ ದಯಾಮರಣದ ಮಾರ್ಗಸೂಚೀಲೂ ಇದು ಮೀನಿಗೆ ಒಪ್ಪೋ ದಾರಿಗಳಲ್ಲಿ ಒಂದು.

ಮೆಡಿಕಲ್ ಶಾಪಲ್ಲಿ ಹಲ್ಲುನೋವಿಗೆ ಅಂತ ಕೊಡ್ತಾರಲ್ಲ ಅದೇ, ಇಲ್ಲಾ ಗ್ರಂಥಿಗೆ ಅಂಗಡೀಲಿ ಕೇಳಿ. ಲೇಬಲ್ ಓದಿ, ಬೇರೆ ಎಣ್ಣೆ ಬೆರೆಸಿರೋದು ಬೇಡ, ಶುದ್ಧ ಲವಂಗದೆಣ್ಣೆ ಬೇಕು, 5 ಎಂಎಲ್ ಬಾಟ್ಲು ಒಂದು. ಅರ್ಧಕ್ಕೇ ಎಣ್ಣೆ ಮುಗಿದು ಅಂಗಡಿಗೆ ಓಡೋದು ಬೇಡ, ಅದಕ್ಕೇ 2 ಎಂಎಲ್ಲಿನ ಸಣ್ಣದು ಬೇಡ. ಸೂಜಿ ಇಲ್ದಿರೋ ಸಿರಿಂಜ್ ಒಂದು, ಮುಚ್ಚಳ ಇರೋ ಸಣ್ಣ ಗಾಜಿನ ಬಾಟ್ಲು, ಒಂದು ಬಕೆಟ್. ಬಕೆಟ್ಟು ಆಮೇಲೆ ಅಡುಗೆಮನೆಗೆ ವಾಪಸ್ ಹೋಗಬಾರ್ದು.

ಬಕೆಟ್ಟಿಗೆ ಮೀನು ಇರೋ ಟ್ಯಾಂಕಿನ ನೀರನ್ನೇ 5 ಲೀಟರ್ ಹಾಕಿ, ಹೊಸ ನೀರು ಹಾಕಿದ್ರೆ ಅದೇ ಇನ್ನೊಂದು ಗಾಬರಿ. ಬಲೆ ಬೇಡ, ಬೋಸಿಯಲ್ಲಿ ನೀರಿನ ಸಮೇತ ಎತ್ತಿ ಬಿಡಿ, ಎದ್ದಿರೋ ಹುರುಪೆಗೆ ಬಲೆ ಸಿಕ್ಕೊಂಡ್ರೆ ಕಿತ್ತು ಬರುತ್ತೆ. ಎಣ್ಣೆ ನೀರಲ್ಲಿ ಬೆರೆಯಲ್ಲ, ನೇರ ಸುರಿದ್ರೆ ಹನಿ ಹನಿಯಾಗಿ ಬೇರೆನೇ ಉಳಿಯುತ್ತೆ, ಬಹಳ ಜನ ಕೆಡಿಸ್ಕೊಳ್ಳೋದು ಇಲ್ಲೇ. ಗಾಜಿನ ಬಾಟ್ಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದಕ್ಕೆ ಅರ್ಧ ಎಂಎಲ್ ಎಣ್ಣೆ ಬಿಟ್ಟು ಹಾಲಿನ ಬಣ್ಣ ಬರೋವರೆಗೂ ಜೋರಾಗಿ ಕುಲುಕಿ, ಆಮೇಲೆ ಅದನ್ನ ನಾಲ್ಕೈದು ನಿಮಿಷ ತಗೊಂಡು ಸ್ವಲ್ಪ ಸ್ವಲ್ಪನೇ ಬಕೆಟ್ಟಿಗೆ ಸೇರಿಸ್ತಾ ಕೈಯಲ್ಲಿ ಮೆಲ್ಲಗೆ ಕದಡಿ. ಒಂದೇ ಸಲ ಸುರಿಬೇಡಿ, ವಾಸನೆ ತಾಗಿ ಎಗರಾಡಬೋದು. ಒಂದೈದು ಹತ್ತು ನಿಮಿಷದಲ್ಲಿ ಬ್ಯಾಲೆನ್ಸ್ ತಪ್ಪಿ ಪಕ್ಕಕ್ಕೆ ಮಲಗುತ್ತೆ, ಕಿವಿರು ಆಡೋದು ನಿಧಾನ ಆಗುತ್ತೆ. ಬಾಲದ ಬುಡ ಬೆರಳಲ್ಲಿ ಹಿಂಡಿ ನೋಡಿ, ಏನೂ ಅನ್ನಲಿಲ್ಲ ಅಂದ್ರೆ ಪ್ರಜ್ಞೆ ಇಲ್ಲ ಅಂತ. ಹತ್ತು ನಿಮಿಷ ಆದ್ರೂ ಓಡಾಡ್ತಿದ್ರೆ ಇನ್ನೊಂದು ಅರ್ಧ ಎಂಎಲ್ ಅದೇ ಥರ.

ಪ್ರಜ್ಞೆ ಹೋಗಿದೆ ಅಂತ ಖಾತ್ರಿಯಾದ ಮೇಲೇನೇ ಎರಡನೇ ಹಂತ, ಎರಡೂವರೆ ಎಂಎಲ್ ಎಣ್ಣೆ ಅದೇ ಥರ ಕುಲುಕಿ ಎಲ್ಲಾನೂ ಹಾಕ್ಬಿಡಿ. ಕೆಲವು ನಿಮಿಷದಲ್ಲಿ ಕಿವಿರು ನಿಲ್ಲುತ್ತೆ. ನಿಂತ ತಕ್ಷಣ ತೆಗಿಬೇಡಿ. ಮಾರ್ಗಸೂಚಿ ಹೇಳೋದು ಕಿವಿರು ನಿಂತ ಮೇಲೆ ಕಮ್ಮಿ ಅಂದ್ರೂ ಹತ್ತು ನಿಮಿಷ, ನಾನು ಮನೆಯವ್ರಿಗೆ ಒಂದು ಗಂಟೆ ಹಂಗೇ ಬಿಡಿ ಅಂತೀನಿ, ಅವಸರ ಏನಿದೆ. ಬೇಗ ತೆಗೆದು ಒಳ್ಳೇ ನೀರಿಗೆ ಹಾಕಿದ್ರೆ ಗೋಲ್ಡ್‌ಫಿಶ್ ಎದ್ದು ಕೂತ್ರೂ ಕೂತ್ಕೊಳ್ತು, ಆಗ ಪುನಃ ಮೊದಲಿಂದ. ಕೊನೇಲಿ ಇನ್ನೊಂದು ಪರೀಕ್ಷೆ ಇದೆ, ಮೀನನ್ನ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ವಾಲಿಸಿ, ಜೀವ ಇರೋ ಮೀನಿನ ಕಣ್ಣುಗುಡ್ಡೆ ಸಮಕ್ಕೆ ಬರೋಕೆ ತಿರುಗುತ್ತೆ, ಹೋಗಿರೋದ್ರ ಕಣ್ಣು ಮೈ ಜೊತೆನೇ ವಾಲುತ್ತೆ. ಮಧ್ಯೆ ಎಲ್ಲೋ ಒಂದು ಸಲ ಮೈ ಅದುರಿದ್ರೆ ಹೆದರ್ಬೇಡಿ, ಅದು ನರದ್ದು, ಪ್ರಜ್ಞೆ ಇದೆ ಅಂತಲ್ಲ.

ಇದನ್ನ ಓದ್ತಿರೋ ಫೈಟರ್ ಮೀನು ಸಾಕಿರೋರಿಗೆ ಒಂದು ಮಾತು, ಫೈಟರು, ಗೌರಾಮಿ ಇವೆಲ್ಲ ಮೇಲೆ ಬಂದು ಗಾಳಿನೂ ಕುಡಿಯೋವು, ಹಂಗಾಗಿ ಮತ್ತು ಬರೋದು ನಿಧಾನ, ತಾಳ್ಮೆ ಬೇಕು. ಫ್ಲವರ್‌ಹಾರ್ನ್ ಥರ ದೊಡ್ಡ ಮೀನಾದ್ರೆ ಬಕೆಟ್ ದೊಡ್ಡದಾಗ್ಲಿ, ಎಣ್ಣೆ ಲೆಕ್ಕ ಮೀನಿನ ಗಾತ್ರಕ್ಕಲ್ಲ ನೀರಿನ ಲೀಟರಿಗೆ.

ಡಾಕ್ಟ್ರ ಹತ್ರಾನೇ ಮಾಡಿಸಬೇಕು ಅಂದ್ರೆ ಅವ್ರ ಹತ್ರ ಎಂಎಸ್-222 ಅನ್ನೋ, ಮೀನಿಗೆ ಮತ್ತು ಬರ್ಸೋ ಪುಡಿ ಇದ್ರೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಅಡುಗೆ ಸೋಡಾ ಬೆರೆಸಿ ಹುಳಿ ಕಳೆದು ಬಳಸ್ತಾರೆ. ನಮ್ಮ ಕಡೆ ಪಶು ಆಸ್ಪತ್ರೆ ಅಂದ್ರೆ ಹಸು ಎಮ್ಮೆ ನಾಯಿ, ಮೀನು ನೋಡೋರು ಕಮ್ಮಿ, ಮೊದಲು ಫೋನಲ್ಲಿ ಕೇಳ್ಕೊಂಡು ಹೋಗಿ. ಊದಿರೋ ಮೀನನ್ನ ಕವರಲ್ಲಿ ಹಾಕ್ಕೊಂಡು ಬಸ್ಸಲ್ಲಿ ಮೈಸೂರಿಗೆ ತರೋದು ಅದಕ್ಕೆ ಇನ್ನೊಂದು ಹಿಂಸೆ.

ಮಾಡೋಕ್ಕಿಂತ ಮುಂಚೆ ಮಗನಿಗೆ ಒಂದು ಫೋನ್ ಮಾಡಿ. ಹಠ ಮಾಡಿ ತಂದೋನು ಅವ್ನು, ಆಮೇಲೆ ಗೊತ್ತಾದ್ರೆ ನಂಗ್ಯಾಕೆ ಹೇಳ್ಲಿಲ್ಲ ಅಂತಾನೆ. ಆಮೇಲೆ ಹಿತ್ತಲಲ್ಲೋ ದೊಡ್ಡ ಕುಂಡದಲ್ಲೋ ಒಂದಡಿ ಆಳ ಮಣ್ಣಲ್ಲಿ ಹೂತ್ಬಿಡಿ, ಮೇಲೆ ಕಲ್ಲಿಡಿ, ಬೀದಿ ಬೆಕ್ಕು ಕೆದಕದಂಗೆ. ಬೆಕ್ಕಿಗೇ ಹಾಕ್ಬಿಡೋಣ ಅನ್ನೋದು ಬೇಡ, ಆ ಎಣ್ಣೆ ಬೆಕ್ಕಿಗೆ ವಿಷ. ಬಕೆಟ್ ನೀರು ಬಚ್ಚಲಿಗೆ ಚೆಲ್ಲಿ ಇನ್ನಷ್ಟು ನೀರು ಬಿಡಿ, ಕೆರೆ ಕಾಲುವೆಗೆ ಬೇಡ. ಕೈಯಲ್ಲಿ ಗಾಯ ಇದ್ರೆ ಗ್ಲೌಸ್ ಹಾಕ್ಕೊಳ್ಳಿ, ಮೀನಿನ ಟಿಬಿ ಅಂತೀವಲ್ಲ, ಮೈಕೋಬ್ಯಾಕ್ಟೀರಿಯಂ ಮರೈನಂ, ಅದು ಗಾಯದಿಂದ ಮನುಷ್ಯರ ಚರ್ಮಕ್ಕೂ ಬಂದು ತಿಂಗಳುಗಟ್ಟಲೆ ವಾಸಿಯಾಗದ ಗಂಟು ಮಾಡುತ್ತೆ.

ಇನ್ನೊಂದು ಮೀನಿನ ವಿಷ್ಯ. ಡ್ರಾಪ್ಸಿ ಹಾರಿ ಬರಲ್ಲ, ಆದ್ರೆ ಒಂದನ್ನ ಕೆಡಿಸಿದ ನೀರು ಇನ್ನೊಂದನ್ನೂ ಕೆಡಿಸುತ್ತೆ. ನಿಮ್ಮ ಟ್ಯಾಂಕ್ ಎಷ್ಟುದ್ದ ಅಂತ ಬರೆದಿಲ್ಲ. ಮನೆಗಳಲ್ಲಿ ಸಾಮಾನ್ಯ ಇರೋ ಎರಡಡಿ ಟ್ಯಾಂಕಾದ್ರೆ ಅದ್ರಲ್ಲಿ ಐವತ್ತು ಲೀಟರ್ ಆಸುಪಾಸು ನೀರಿರುತ್ತೆ, ಎರಡು ದೊಡ್ಡ ಗೋಲ್ಡ್‌ಫಿಶ್ಶಿಗೆ ಅದು ಸಾಲ್ದು, ಇವು ಹೊಲಸು ಮಾಡೋದು ಜಾಸ್ತಿ. ಅಮೋನಿಯ, ನೈಟ್ರೈಟ್ ಟೆಸ್ಟ್ ಕಿಟ್ ತರಿಸಿ, ಎರಡೂ ಸೊನ್ನೆ ಬರ್ಬೇಕು. ಬರಲಿಲ್ಲ ಅಂದ್ರೆ ದಿನಾ ಕಾಲು ಭಾಗ ನೀರು ಬದಲಾಯ್ಸಿ, ನಲ್ಲಿ ನೀರಾದ್ರೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿ, ಅದಿಲ್ಲ ಅಂದ್ರೆ ಅಗಲ ಬಾಯಿನ ಬಕೆಟ್ಟಲ್ಲಿ ಒಂದು ದಿನ ಇಟ್ಟು ಬಳಸಿ. ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗಿಟ್ಟು ಸೋಪು ಹಾಕಿ ತೊಳೆಯೋರಿದಾರೆ, ಹಂಗೆ ಮಾಡ್ಬೇಡಿ, ಟ್ಯಾಂಕಿನ ನೀರಲ್ಲೇ ಹಿಂಡಿ. ಖಾಲಿ ಅನ್ಸುತ್ತೆ ಅಂತ ತಕ್ಷಣ ಹೊಸ ಮೀನು ತರ್ಬೇಡಿ, ಉಳಿದಿರೋದು ಒಂದು ತಿಂಗಳು ಚೆನ್ನಾಗಿ ತಿಂದ್ಕೊಂಡು ಹುರುಪೆ ಮೈಗಂಟಿಕೊಂಡಿದ್ರೆ ಆಮೇಲೆ ನೋಡಿದ್ರಾಯ್ತು. ಟೆಸ್ಟ್ ಕಿಟ್ಟಲ್ಲಿ ಎಷ್ಟು ಬಂತು ಅಂತ ಫೋಟೋ ಜೊತೆಗೇ ಬರೀರಿ.